‘ವಿತ್ ಫ್ಲೈಯಿಂಗ್ ಕಲರ್ಸ್’: ಒಂದೇ ಒಂದು ಇಂಗ್ಲಿಷ್ ಈಡಿಯಮ್ಮನ್ನ ಪೂರ್ತಿ ನಮ್ಮದು ಮಾಡ್ಕೊಳ್ಳೋದು ಹೇಗೆ

ನನ್ನ ತಂಗಿ ಹತ್ರ ಒಂದು ನೋಟ್‌ಬುಕ್ ಇದೆ. ಎಡಗಡೆ ನೀಲಿ ಪೆನ್ನಲ್ಲಿ ಇಂಗ್ಲಿಷ್ ಈಡಿಯಮ್, ಬಲಗಡೆ ಕಪ್ಪು ಪೆನ್ನಲ್ಲಿ ಅದರ ಅರ್ಥ, ಹೀಗೆ ಇನ್ನೂರಕ್ಕೂ ಜಾಸ್ತಿ ಬರ್ಕೊಂಡಿದಾಳೆ, ಅಕ್ಷರ ಮುತ್ತಿನ ಹಾಗಿದೆ. ಒಂದಿನ ಸುಮ್ನೆ ಪುಟ ತಿರುಗಿಸ್ತಾ ಇದ್ದೋನು ‘ವಿತ್ ಫ್ಲೈಯಿಂಗ್ ಕಲರ್ಸ್’ ಅನ್ನೋದ್ರ ಮೇಲೆ ಬೆರಳಿಟ್ಟು ಇದನ್ನ ಹಾಕಿ ಒಂದು ವಾಕ್ಯ ಹೇಳು ಅಂದೆ. ಅರ್ಥ ಅವಳಿಗೆ ಬಾಯಿಪಾಠ, ‘ಭರ್ಜರಿ ಯಶಸ್ಸಿನೊಂದಿಗೆ’ ಅಂತ ಬರ್ಕೊಂಡೂ ಇದ್ಲು, ಆದ್ರೆ ವಾಕ್ಯ ಬಂದಿದ್ದು ‘ಐ ಗಾಟ್ ಎ ಫ್ಲೈಯಿಂಗ್ ಕಲರ್ ಇನ್ ಮೈ ಎಕ್ಸಾಮ್’ ಅಂತ. ತಪ್ಪು ಅವಳದ್ದಲ್ಲ. ಆ ನೋಟ್‌ಬುಕ್ ಅವಳಿಗೆ ಅರ್ಥ ಒಂದನ್ನೇ ಕೊಟ್ಟಿತ್ತು, ಆ ಮಾತು ಯಾವ ಪದದ ಪಕ್ಕ ಕೂರುತ್ತೆ, ಯಾರ ಬಗ್ಗೆ ಹೇಳ್ಬೇಕು, ಎಷ್ಟು ದೊಡ್ಡ ಗೆಲುವಿಗೆ ಹೇಳ್ಬೇಕು, ಇದ್ಯಾವುದನ್ನೂ ಕೊಟ್ಟಿರ್ಲಿಲ್ಲ.

ಅವತ್ತಿಂದ ನಾನು ಯಾರಿಗೇ ಇಂಗ್ಲಿಷ್ ಹೇಳ್ಕೊಟ್ರೂ ಇಷ್ಟೇ ಹೇಳೋದು, ಇನ್ನೂರು ಬೇಡ, ಒಂದನ್ನ ತಗೊಳ್ಳಿ, ಅದನ್ನ ಬುಡದಿಂದ ತುದಿವರೆಗೆ ಕಲೀರಿ. ಇಲ್ಲಿ ಆ ಒಂದು, ‘ವಿತ್ ಫ್ಲೈಯಿಂಗ್ ಕಲರ್ಸ್’. ಅಂದ್ಕೊಂಡಿದ್ದನ್ನ ಸಾಧಿಸಿದೋರ ಬಗ್ಗೆ ಹೇಳೋಕೆ ಇಂಗ್ಲಿಷ್‌ನಲ್ಲಿ ತುಂಬಾನೇ ಬಳಕೆಯಲ್ಲಿರೋ ಮಾತು, ಹಾಗೇ ನಮ್ಮೋರು ತುಂಬಾನೇ ತಪ್ಪಾಗಿ ಬಳಸೋ ಮಾತೂ ಹೌದು.

ಹಂತ 1: ‘ಬಣ್ಣ’ ಅನ್ನೋದನ್ನ ತಲೆಯಿಂದ ತೆಗೀರಿ

ಇಲ್ಲಿ ಕಲರ್ಸ್ ಅಂದ್ರೆ ಬಣ್ಣ ಅಲ್ಲ, ಬಾವುಟ. ಇದೊಂದು ತಿಳಿದ್ರೆ ಅರ್ಧ ಕೆಲಸ ಆದ ಹಾಗೆ. ಸೈನ್ಯದ ತುಕಡಿಯ ಧ್ವಜ, ಹಡಗಿನ ಧ್ವಜ, ಇದಕ್ಕೆಲ್ಲ ಇಂಗ್ಲಿಷ್‌ನಲ್ಲಿ ‘ಕಲರ್ಸ್’ ಅಂತ ಕರೀತಿದ್ರು, ಈಗ್ಲೂ ಕರೀತಾರೆ. ಲಂಡನ್‌ನಲ್ಲಿ ರಾಜನ ಹುಟ್ಟುಹಬ್ಬದ ಹೆಸರಲ್ಲಿ ಪ್ರತಿ ವರ್ಷ ಜೂನ್‌ನಲ್ಲಿ ನಡೆಯೋ ಸೈನಿಕ ಪರೇಡ್ ಇದ್ಯಲ್ಲ, ಅದರ ಹೆಸರು ‘ಟ್ರೂಪಿಂಗ್ ದ ಕಲರ್’, ಅಂದ್ರೆ ತುಕಡಿಯ ಧ್ವಜವನ್ನ ಸಾಲಿನಲ್ಲಿ ನಿಂತ ಸೈನಿಕರ ಮುಂದೆ ಹೊತ್ಕೊಂಡು ಹೋಗೋದು. ಬಂದೂಕಿನ ಹೊಗೆ ತುಂಬಿದ ರಣರಂಗದಲ್ಲಿ ನಮ್ಮೋರು ಎಲ್ಲಿದಾರೆ ಅಂತ ಗೊತ್ತಾಗ್ಬೇಕಿದ್ರೆ ಆ ಧ್ವಜ ಒಂದೇ ಗುರುತು, ಹಾಗಾಗಿ ಅದಕ್ಕೆ ಅಷ್ಟು ಮರ್ಯಾದೆ.

ಈಗ ಫ್ಲೈಯಿಂಗ್. ಬಾವುಟ ಹಾರ್ತಾ ಇದೆ ಅಂದ್ರೆ ಏನರ್ಥ? ಹಡಗು ಸೋತ್ರೆ ಬಾವುಟ ಕೆಳಗಿಳಿಸ್ಬೇಕಿತ್ತು, ಅದೇ ಶರಣಾಗತಿಯ ಗುರುತು. ಬಾವುಟ ಮೇಲೇ ಇಟ್ಕೊಂಡು ಬಂದರಿಗೆ ವಾಪಸ್ ಬಂದ್ರೆ ಗೆದ್ದು ಬಂದ ಹಾಗೆ, ಕಡೇಪಕ್ಷ ಸೋಲದೆ ಬಂದ ಹಾಗೆ. ನೆಲದ ಮೇಲೂ ಇದೇ ಲೆಕ್ಕ. ಕೋಟೆ ಬಿಟ್ಟುಕೊಡೋ ಸೈನ್ಯ ಚೆನ್ನಾಗಿ ಹೋರಾಡಿತ್ತು ಅಂದ್ರೆ ಗೆದ್ದೋರು ಅವರಿಗೆ ಬಾವುಟ ಹಾರಿಸ್ಕೊಂಡು, ಡೋಲು ಬಾರಿಸ್ಕೊಂಡು ಹೊರಗೆ ಹೋಗೋ ಗೌರವ ಕೊಡ್ತಿದ್ರು.

ಆ ಗೌರವಕ್ಕೆ ಎಷ್ಟು ಬೆಲೆ ಇತ್ತು ಅನ್ನೋದಕ್ಕೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ನೋಡಿ. 1780ರ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಅಮೆರಿಕನ್ ಸೈನ್ಯ ಶರಣಾದಾಗ ಬ್ರಿಟಿಷರು ಬಾವುಟ ಹಾರಿಸ್ಕೊಂಡು ಹೋಗೋಕೆ ಬಿಡ್ಲಿಲ್ಲ. ಮುಂದಿನ ವರ್ಷ, 1781ರ ಅಕ್ಟೋಬರ್ 19ಕ್ಕೆ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರೇ ಶರಣಾಗೋ ದಿನ ಬಂತು, ಆಗ ವಾಷಿಂಗ್ಟನ್ ಕಡೆಯವರು ಅದೇ ಷರತ್ತು ಹಾಕಿದ್ರು, ಬಾವುಟ ಸುತ್ತಿ ಚೀಲದೊಳಗೆ ಇಟ್ಕೊಂಡೇ ಹೊರಗೆ ಬರ್ಬೇಕು ಅಂತ. ಒಂದೂವರೆ ವರ್ಷ ಆ ಅವಮಾನ ಮನಸ್ಸಲ್ಲಿ ಇಟ್ಕೊಂಡಿದ್ರು ಅಂದ್ರೆ ನೀವೇ ಲೆಕ್ಕ ಹಾಕಿ. ಸುತ್ತಿಟ್ಟ ಬಾವುಟ ಒಂದು ಕಡೆ, ಗಾಳಿಗೆ ಪಟಪಟ ಅನ್ನೋ ಬಾವುಟ ಇನ್ನೊಂದು ಕಡೆ, ಈ ಎರಡು ಚಿತ್ರ ಕಣ್ಮುಂದೆ ತಂದ್ಕೊಳ್ಳಿ. ಈಡಿಯಮ್ ಇಡೀ ಅಲ್ಲೇ ಇದೆ.

ಇನ್ನೂ ಖುಷಿಯ ವಿಷಯ ಅಂದ್ರೆ ಈ ಚಿತ್ರ ನಮಗೆ ಹೊಸದೇ ಅಲ್ಲ. ಕನ್ನಡದಲ್ಲಿ ನಾವು ‘ವಿಜಯ ಪತಾಕೆ ಹಾರಿಸಿದ’ ಅಂತೀವಲ್ಲ, ಅದೇ ಪತಾಕೆ ಇದು. ಎರಡು ಭಾಷೆ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಬಾವುಟದ ಹತ್ರ ಬಂದು ನಿಂತಿವೆ. ಆದ್ರೆ ಬಳಕೆಯಲ್ಲಿ ಒಂದು ವ್ಯತ್ಯಾಸ ಇದೆ, ನಮ್ಮ ಪತಾಕೆ ಚುನಾವಣೆ, ಯುದ್ಧ, ಪಂದ್ಯಕ್ಕೆ ಜಾಸ್ತಿ, ಅವರದ್ದು ಪರೀಕ್ಷೆಗೆ ಜಾಸ್ತಿ. ಇದು ಹಂತ 4ರಲ್ಲಿ ಬರುತ್ತೆ, ಅಲ್ಲಿವರೆಗೆ ನೆನಪಿರ್ಲಿ.

ಹಂತ 2: ಅಚ್ಚು ಕದಲಿಸ್ಬೇಡಿ

ಈಡಿಯಮ್ ಅನ್ನೋದು ಎರಕ ಹೊಯ್ದ ಹಾಗೆ, ಒಂದು ಅಕ್ಷರ ಆಚೀಚೆ ಆದ್ರೂ ಕೇಳೋರ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತೆ. ‘ವಿತ್’ ಬೇಕೇ ಬೇಕು, ‘ಇನ್’ ಅಲ್ಲ ‘ಬೈ’ ಅಲ್ಲ. ‘ಕಲರ್ಸ್’ ಯಾವಾಗ್ಲೂ ಬಹುವಚನ, ಗೆದ್ದೋರು ಒಬ್ರೇ ಆದ್ರೂ ಬಹುವಚನವೇ. ಮುಂದೆ ‘ಎ’ ಬರಲ್ಲ, ‘ದ’ ಬರಲ್ಲ. ಮಧ್ಯದಲ್ಲಿ ‘ವೆರಿ’ ತುರುಕೋ ಹಾಗಿಲ್ಲ, ಆ ಮಾತೊಳಗೇ ‘ತುಂಬಾ’ ಅನ್ನೋದು ಇದೆ.

ಸ್ಪೆಲಿಂಗ್ ಎರಡು ಥರ ಸಿಗುತ್ತೆ. ಬ್ರಿಟಿಷ್ ಬರವಣಿಗೆಯಲ್ಲಿ ‘ಆರ್’ಗೆ ಮೊದಲು ‘ಯು’ ಇರುತ್ತೆ, ಅಮೆರಿಕನ್‌ನಲ್ಲಿ ಇರಲ್ಲ. ನೋವಾ ವೆಬ್‌ಸ್ಟರ್ ತನ್ನ ಡಿಕ್ಷನರಿಗಳಲ್ಲಿ, ಅದರಲ್ಲೂ 1828ರ ದೊಡ್ಡ ಡಿಕ್ಷನರಿಯಲ್ಲಿ, ಆ ‘ಯು’ ಬಿಟ್ಟು ಬರೆದದ್ದು ಅಲ್ಲಿ ಗಟ್ಟಿಯಾಗಿ ನಿಂತ್ಬಿಡ್ತು. ಯಾವುದಾದ್ರೂ ಸರಿ, ಆದ್ರೆ ಒಂದೇ ಬರಹದಲ್ಲಿ ಎರಡನ್ನೂ ಬೆರೆಸ್ಬೇಡಿ.

ಪದಗಳ ಕ್ರಮದಲ್ಲಿ ಕನ್ನಡ ನಮ್ಮನ್ನ ಎಳೆಯುತ್ತೆ, ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ನಾವು ‘ಅವಳು ಟೆಸ್ಟನ್ನ ಭರ್ಜರಿಯಾಗಿ ಪಾಸ್ ಮಾಡಿದ್ಲು’ ಅಂತೀವಿ, ಹೇಗೆ ಅನ್ನೋದು ಕ್ರಿಯಾಪದಕ್ಕಿಂತ ಮುಂಚೆ ಬರುತ್ತೆ. ಇಂಗ್ಲಿಷ್‌ನಲ್ಲಿ ಉಲ್ಟಾ, ಹೇಗೆ ಅನ್ನೋದು ಕಟ್ಟಕಡೆಗೆ. ‘ಶೀ ಪಾಸ್ಡ್ ದ ಟೆಸ್ಟ್ ವಿತ್ ಫ್ಲೈಯಿಂಗ್ ಕಲರ್ಸ್.’ ಯಾರು, ಏನ್ಮಾಡಿದ್ರು, ಯಾವುದನ್ನ, ಆಮೇಲೆ ಬಾವುಟ. ‘ಶೀ ಪಾಸ್ಡ್ ವಿತ್ ಫ್ಲೈಯಿಂಗ್ ಕಲರ್ಸ್ ದ ಟೆಸ್ಟ್’ ಅಂದ್ರೆ ತಲೆಕೆಳಗು. ಯಾವ ಪರೀಕ್ಷೆ ಅಂತ ಕೇಳೋರಿಗೆ ಮೊದಲೇ ಗೊತ್ತಿದ್ರೆ ಅದನ್ನ ಬಿಟ್ಟೇಬಿಡ್ಬಹುದು, ‘ಶೀ ಪಾಸ್ಡ್ ವಿತ್ ಫ್ಲೈಯಿಂಗ್ ಕಲರ್ಸ್’ ಅಂದ್ರೆ ಸಾಕು.

ಇನ್ನೊಂದು, ‘ಪಾಸ್ಡ್ ಇನ್ ದ ಎಕ್ಸಾಮ್’ ಅನ್ನೋದು. ಪರೀಕ್ಷೆ‘ಯಲ್ಲಿ’ ಪಾಸಾದೆ ಅನ್ನೋ ನಮ್ಮ ‘ಅಲ್ಲಿ’ ಪ್ರತ್ಯಯ ಅಲ್ಲಿ ‘ಇನ್’ ಆಗಿ ಬಂದು ಕೂತ್ಕೊಂಡಿದೆ. ಇಂಗ್ಲಿಷ್‌ನಲ್ಲಿ ಎಕ್ಸಾಮನ್ನ ಪಾಸ್ ಮಾಡ್ತಾರೆ, ‘ಪಾಸ್ಡ್ ದ ಎಕ್ಸಾಮ್’ ಅಷ್ಟೇ.

ಹಂತ 3: ಬಾಯಿಗೆ ಕೂರಿಸ್ಕೊಳ್ಳಿ

‘ಕಲರ್ಸ್’ ಅಂತ ನಾವು ಬರೆದ್ರೂ ಕೊನೆಯಲ್ಲಿ ಬರೋದು ‘ಸ್’ ಶಬ್ದ ಅಲ್ಲ, ಜೇನುಹುಳ ಗುಂಯ್‌ಗುಡೋ ಶಬ್ದ, ‘ಝೂ’ ಅನ್ನೋದನ್ನ ಇಂಗ್ಲಿಷ್‌ನೋರು ಶುರು ಮಾಡ್ತಾರಲ್ಲ ಆ ಶಬ್ದ. ಗಂಟಲ ಮೇಲೆ ಬೆರಳಿಟ್ಟು ನೋಡಿ, ಬರೀ ‘ಸ್ಸ್‌ಸ್’ ಅಂದ್ರೆ ಬೆರಳಿಗೆ ಏನೂ ಗೊತ್ತಾಗಲ್ಲ, ಇದಕ್ಕೆ ಸಣ್ಣಗೆ ನಡುಗ್ಬೇಕು. ‘ವಿತ್’ ಅನ್ನೋವಾಗ ತುಟಿ ಸಿಳ್ಳೆ ಹೊಡೆಯೋ ಹಾಗೆ ಗುಂಡಗಾಗ್ಲಿ, ಮೇಲಿನ ಹಲ್ಲು ಕೆಳತುಟಿಗೆ ತಾಗ್ಬಾರ್ದು, ನಮ್ಮ ‘ವ’ ಒಂದೇ ಆಗಿರೋದ್ರಿಂದ ಇದು ತಪ್ಪಿಹೋಗುತ್ತೆ. ‘ಫ್ಲೈಯಿಂಗ್’ ಕೊನೆಯ ‘ಗ್’ ಒತ್ತಿ ಹೇಳ್ಬೇಡಿ, ಮೂಗಲ್ಲೇ ಕರಗಿ ಹೋಗ್ಲಿ. ಒತ್ತು ‘ಫ್ಲೈ’ ಮೇಲೊಂದು, ‘ಕ’ ಮೇಲೊಂದು, ಉಳಿದದ್ದೆಲ್ಲ ಹಗುರ.

ಯೂಗ್ಲಿಷ್ ಅಂತ ಒಂದು ಸೈಟ್ ಇದೆ, ಅದ್ರಲ್ಲಿ ಈ ಮೂರು ಪದ ಟೈಪ್ ಮಾಡಿದ್ರೆ ಯೂಟ್ಯೂಬ್ ವಿಡಿಯೋಗಳಲ್ಲಿ ಜನ ಇದನ್ನ ನಿಜವಾಗಿ ಹೇಳಿರೋ ಜಾಗಕ್ಕೇ ಕರ್ಕೊಂಡು ಹೋಗುತ್ತೆ. ಹತ್ತು ಸಲ ಕೇಳಿ, ಪ್ರತಿ ಸಲ ನಿಲ್ಲಿಸಿ ಅವರ ಹಿಂದೆಯೇ ಹೇಳಿ. ಉಚ್ಚಾರಣೆ ಒಂದೇ ಅಲ್ಲ, ಯಾವ ಸಂದರ್ಭದಲ್ಲಿ ಹೇಳ್ತಾರೆ ಅನ್ನೋದೂ ಜೊತೆಗೇ ಕಿವಿಗೆ ಬೀಳುತ್ತೆ.

ಹಂತ 4: ಎಲ್ಲಿ ಕೂರುತ್ತೆ, ಎಲ್ಲಿ ಕೂರಲ್ಲ

ಇಡೀ ವಿಷಯದ ತಿರುಳು ಇದು, ಜನ ಎಡವೋದೂ ಇಲ್ಲೇ. ‘ಯಶಸ್ಸಿನೊಂದಿಗೆ’ ಅಂತ ಅರ್ಥ ಕಲಿತೋರು ಇದನ್ನ ಎಲ್ಲಾ ಯಶಸ್ಸಿಗೂ ಅಂಟಿಸ್ತಾರೆ. ‘ಐ ಅಚೀವ್ಡ್ ಮೈ ಡ್ರೀಮ್ ವಿತ್ ಫ್ಲೈಯಿಂಗ್ ಕಲರ್ಸ್’, ‘ಐ ಬಾಟ್ ಎ ಹೌಸ್ ವಿತ್ ಫ್ಲೈಯಿಂಗ್ ಕಲರ್ಸ್’. ಗ್ರಾಮರ್ ತಪ್ಪಿಲ್ಲ, ಆದ್ರೂ ಹಾಗೆ ಯಾರೂ ಹೇಳಲ್ಲ. ಯಾಕೆ ಹೇಳಲ್ಲ?

ಯಾಕಂದ್ರೆ ಈ ಮಾತಿನೊಳಗೆ ಒಂದು ಪರೀಕ್ಷೆ ಇರ್ಲೇಬೇಕು. ಹಡಗು ಸುಮ್ನೆ ವಿಹಾರಕ್ಕೆ ಹೋಗಿ ಬಂದಿಲ್ಲ, ಯುದ್ಧಕ್ಕೆ ಹೋಗಿ ಬಂದಿದೆ. ಯಾರೋ ಅಳೆಯೋರು ಇರ್ಬೇಕು, ಸೋಲೋ ಸಾಧ್ಯತೆ ನಿಜವಾಗ್ಲೂ ಇರ್ಬೇಕು, ಆಮೇಲೆ ಬೇಕಾದ್ದಕ್ಕಿಂತ ತುಂಬಾ ಮೇಲೆ ನಿಂತು ಗೆದ್ದಿರ್ಬೇಕು. ನಾನು ಬರೆಯೋ ಮುಂಚೆ ಈ ಮೂರನ್ನೂ ಕೇಳ್ಕೊಳ್ತೀನಿ, ಮೂರಕ್ಕೂ ಹೌದು ಅಂತ ಬಂದ್ರೆ ಮಾತ್ರ ಬರೀತೀನಿ.

ಡ್ರೈವಿಂಗ್ ಟೆಸ್ಟ್? ಅಳೆಯೋರು ಪಕ್ಕದಲ್ಲೇ ಕೂತಿರ್ತಾರೆ, ಫೇಲ್ ಆಗ್ಬಹುದು, ಒಂದೂ ತಪ್ಪಿಲ್ದೆ ಮುಗಿಸಿದ್ರೆ ಖಂಡಿತ ಹೇಳಿ. ಇಂಟರ್‌ವ್ಯೂ, ಆಡಿಟ್, ಇನ್‌ಸ್ಪೆಕ್ಷನ್, ಹೊಸ ಸಾಫ್ಟ್‌ವೇರ್‌ನ ಟೆಸ್ಟಿಂಗ್, ಇದೆಲ್ಲ ಸರಿ. ಹೌದು, ಗೆದ್ದದ್ದು ಮನುಷ್ಯನೇ ಆಗ್ಬೇಕಿಲ್ಲ, ಒಂದು ಸೇತುವೆ ಲೋಡ್ ಟೆಸ್ಟ್‌ನಲ್ಲಿ ಗೆಲ್ಬಹುದು. ‘ದ ಬ್ರಿಡ್ಜ್ ಪಾಸ್ಡ್ ದ ಸೇಫ್ಟಿ ಟೆಸ್ಟ್ ವಿತ್ ಫ್ಲೈಯಿಂಗ್ ಕಲರ್ಸ್’, ಚೆನ್ನಾಗೇ ಇದೆ. ಮನೆ ಕೊಂಡದ್ದು? ಅಳೆಯೋರಿಲ್ಲ, ಬೇಡ. ತೂಕ ಇಳಿಸಿದ್ದು? ದೊಡ್ಡ ಸಾಧನೆ, ನಿಜ, ಆದ್ರೆ ಅದು ದಿನಾ ನಡೆಯೋ ಕೆಲಸ, ಒಂದು ದಿನದ ಪರೀಕ್ಷೆಯಲ್ಲ. ಅದಕ್ಕೆ ‘ಐ ರೀಚ್ಡ್ ಮೈ ಗೋಲ್’ ಅಂದ್ರೆ ಸಾಕು.

ಕ್ರಿಯಾಪದದ ವಿಷಯಕ್ಕೆ ಬಂದ್ರೆ ‘ಪಾಸ್’ ಇದರ ಆಪ್ತ ಸ್ನೇಹಿತ. ಎರಡನೆಯದು ‘ಕಮ್ ಥ್ರೂ’, ಇದು ನನಗೆ ತುಂಬಾ ಇಷ್ಟ, ಯಾಕಂದ್ರೆ ಇದ್ರಲ್ಲಿ ಹಳೇ ಅರ್ಥದ ವಾಸನೆ ಇನ್ನೂ ಉಳಿದಿದೆ. ಮೊದಮೊದಲು ಈ ಮಾತಿಗೆ ‘ಭರ್ಜರಿಯಾಗಿ ಗೆದ್ದ’ ಅನ್ನೋದಕ್ಕಿಂತ ‘ಕಷ್ಟದಿಂದ ಮಾನ ಕಳ್ಕೊಳ್ದೆ ಪಾರಾಗಿ ಬಂದ’ ಅನ್ನೋ ಅರ್ಥವೇ ಹತ್ತಿರವಾಗಿತ್ತು. ಅದಕ್ಕೇ ಆಪರೇಷನ್ ಮುಗಿಸಿ ಚೇತರಿಸ್ಕೊಂಡೋರ ಬಗ್ಗೆ ‘ಹೀ ಕೇಮ್ ಥ್ರೂ ದ ಸರ್ಜರಿ ವಿತ್ ಫ್ಲೈಯಿಂಗ್ ಕಲರ್ಸ್’ ಅಂತಾರೆ. ಅಲ್ಲಿ ಮಾರ್ಕ್ಸ್ ಇಲ್ಲ, ರ‍್ಯಾಂಕ್ ಇಲ್ಲ, ಆದ್ರೆ ದೊಡ್ಡ ಪರೀಕ್ಷೆಯೊಂದನ್ನ ದಾಟಿ ಬಂದಿರೋದಂತೂ ಹೌದು. ನಮ್ಮಲ್ಲಿ ‘ಗೆದ್ದು ಬಂದ್ರು’ ಅಂತ ಆಸ್ಪತ್ರೆ ಬಾಗಿಲಲ್ಲಿ ನಿಂತು ಹೇಳ್ತೀವಲ್ಲ, ಆ ಧ್ವನಿ. ‘ಗ್ರಾಜುಯೇಟ್’ ಜೊತೆಗೂ ಬರುತ್ತೆ. ‘ಗಾಟ್’, ‘ಅಚೀವ್ಡ್’, ‘ಸ್ಕೋರ್ಡ್’, ಈ ಮೂರರ ಜೊತೆ ಬೇಡ.

ಯಾರ ಬಗ್ಗೆ ಹೇಳ್ಬೇಕು ಅನ್ನೋದೂ ಮುಖ್ಯ. ಬೇರೆಯೋರ ಬಗ್ಗೆ ಹೇಳಿದ್ರೆ ಹೊಗಳಿಕೆ, ತನ್ನ ಬಗ್ಗೆ ತಾನೇ ಹೇಳ್ಕೊಂಡ್ರೆ ಸ್ವಲ್ಪ ಜಂಬ. ಮನೆಯೋರ ಹತ್ರ, ಸ್ನೇಹಿತರ ಹತ್ರ ಖುಷಿಯಲ್ಲಿ ಹೇಳ್ಕೊಂಡ್ರೆ ಏನೂ ತೊಂದ್ರೆ ಇಲ್ಲ, ಆದ್ರೆ ರೆಸ್ಯೂಮೆಯಲ್ಲಿ ಮಾತ್ರ ಬರೀಲೇಬೇಡಿ. ಅಲ್ಲಿ ಓದೋರಿಗೆ ಬೇಕಿರೋದು ನಿಮ್ಮ ಮಾರ್ಕ್ಸು, ಬಾವುಟ ಅಲ್ಲ. ಅಭಿನಂದನೆಯ ಮೆಸೇಜು, ಆಫೀಸಿನ ಇಮೇಲ್‌ನಲ್ಲಿ ಒಬ್ಬ ಸಹೋದ್ಯೋಗಿ ಬಗ್ಗೆ ನಾಲ್ಕು ಒಳ್ಳೆ ಮಾತು, ಬೀಳ್ಕೊಡುಗೆ ಭಾಷಣ, ಇಲ್ಲೆಲ್ಲ ಚಂದ. ಒಂದು ಬರಹದಲ್ಲಿ ಒಂದೇ ಸಲ ಸಾಕು.

ಹಂತ 5: ಒಂಟಿಯಾಗಿ ಬಿಡ್ಬೇಡಿ, ಏಣಿ ಮೇಲೆ ನಿಲ್ಲಿಸಿ

ಒಂದು ಮಾತಿನ ತೂಕ ಗೊತ್ತಾಗೋದು ಅದರ ಮೇಲೆ ಕೆಳಗೆ ಏನಿದೆ ಅಂತ ಗೊತ್ತಾದಾಗ. ಇದನ್ನ ತಂಗಿಗೆ ಹೇಳ್ಕೊಟ್ಟಾಗ ನಾನು ಹಾಳೆ ಮೇಲೆ ಏಣಿ ಬರೆದೆ.

ಕೆಳಗಿನ ಮೆಟ್ಟಿಲು ‘ಫೇಲ್ಡ್’. ಅದರ ಮೇಲೆ ‘ಸ್ಕ್ರೇಪ್ಡ್ ಥ್ರೂ’, ಅಂದ್ರೆ ಮೈ ಕೈ ತರಚಿಕೊಂಡು ಕಿರಿದಾದ ಸಂದಿಯಲ್ಲಿ ನುಸುಳಿ ಬಂದ ಹಾಗೆ, ಪಾಸಿಗೆ ಎಷ್ಟು ಬೇಕೋ ಅಷ್ಟೇ. ಅದೇ ಮೆಟ್ಟಿಲ ಮೇಲೆ ಇನ್ನೊಂದು ಮಾತೂ ಕೂತಿದೆ, ‘ಬೈ ದ ಸ್ಕಿನ್ ಆಫ್ ಯುವರ್ ಟೀತ್’, ನಮ್ಮ ‘ಕೂದಲೆಳೆಯಲ್ಲಿ ಪಾರಾದ’ ಅನ್ನೋದು. ಅದು ಬೈಬಲ್‌ನ ಯೋಬನ ಪುಸ್ತಕದಿಂದ ಬಂದದ್ದು, 1560ರ ಜಿನೀವಾ ಬೈಬಲ್‌ನ ಇಂಗ್ಲಿಷ್‌ನಲ್ಲೇ ಹಲ್ಲಿನ ಚರ್ಮದ ಮಾತು ಇದೆ. ಹಲ್ಲಿಗೆಲ್ಲಿ ಚರ್ಮ ಅಂತ ಕೇಳ್ಬಹುದು, ಇಲ್ಲದಷ್ಟು ತೆಳು ಅನ್ನೋದೇ ಅಲ್ಲಿನ ಚಿತ್ರ. ಅದರ ಮೇಲಿನ ಮೆಟ್ಟಿಲು ಬರೀ ‘ಪಾಸ್ಡ್’. ತುದಿಯಲ್ಲಿ ನಮ್ಮ ಬಾವುಟ. ತುದಿಯಲ್ಲೇ ಪಕ್ಕಕ್ಕೆ ‘ಏಸ್ಡ್ ಇಟ್’ ಅಂತಾನೂ ಬರ್ಕೊಳ್ಳಿ, ಅದು ಸ್ನೇಹಿತರ ನಡುವಿನ ಮಾತು, ದೊಡ್ಡೋರಿಗೆ ಬರೆಯೋ ಇಮೇಲ್‌ಗೆ ಅಷ್ಟು ಹೊಂದಲ್ಲ.

ಏಣಿ ಮುಂದಿಟ್ಕೊಂಡ್ರೆ ಈ ಥರದ ವಾಕ್ಯ ತಾನಾಗೇ ಬರುತ್ತೆ: ‘ಐ ಸ್ಕ್ರೇಪ್ಡ್ ಥ್ರೂ ಮ್ಯಾಥ್ಸ್, ಬಟ್ ಐ ಪಾಸ್ಡ್ ಹಿಸ್ಟರಿ ವಿತ್ ಫ್ಲೈಯಿಂಗ್ ಕಲರ್ಸ್.’ ಇದು ತಂಗಿ ಹೇಳಿದ ವಾಕ್ಯ, ನಾನು ಒಂದಕ್ಷರ ತಿದ್ಲಿಲ್ಲ. ಒಂದು ಕಡೆ ಸೋಲಿನ ಅಂಚು, ಇನ್ನೊಂದು ಕಡೆ ಗೆಲುವು, ಹಾಗೆ ಪಕ್ಕಪಕ್ಕ ಇಟ್ಟಾಗ ಜಂಬದ ಛಾಯೆಯೂ ಹೋಗ್ಬಿಡುತ್ತೆ ನೋಡಿ.

ಹಂತ 6: ಅದೇ ಬಾವುಟದ ನೆಂಟರು

ಕಲರ್ಸ್ ಅಂದ್ರೆ ಬಾವುಟ ಅಂತ ಗೊತ್ತಾದ ಮೇಲೆ ಇನ್ನೂ ಕೆಲವು ಮಾತು ಪುಕ್ಕಟೆ ಸಿಗುತ್ತೆ. ‘ಸೇಲ್ ಅಂಡರ್ ಫಾಲ್ಸ್ ಕಲರ್ಸ್’ ಅಂದ್ರೆ ಬೇರೆ ದೇಶದ ಬಾವುಟ ಹಾಕ್ಕೊಂಡು ಹಡಗು ನಡೆಸೋದು, ಅಂದ್ರೆ ತಾನು ಅಲ್ಲದ್ದನ್ನ ತಾನು ಅಂತ ತೋರಿಸ್ಕೊಳ್ಳೋದು. ‘ಶೋ ಯುವರ್ ಟ್ರೂ ಕಲರ್ಸ್’ ಅದರ ಇನ್ನೊಂದು ಮುಖ. ಇದಕ್ಕೆ ಕನ್ನಡದಲ್ಲಿ ‘ಬಣ್ಣ ಬಯಲಾಯ್ತು’ ಅಂತೀವಿ, ಹೊರಗಿಂದ ನೋಡೋಕೆ ಒಂದೇ ಥರ ಇದೆ, ಆದ್ರೆ ನಮ್ಮಲ್ಲಿ ಅದು ನಿಜವಾಗ್ಲೂ ಮೈಗೆ ಹಚ್ಕೊಂಡ ಬಣ್ಣ, ಅವರಲ್ಲಿ ಕಂಬದ ಮೇಲಿನ ಬಾವುಟ.

ಮೂರನೆಯದಕ್ಕೆ ಒಂದು ಕಥೆಯೇ ಇದೆ. ‘ನೇಲ್ ಯುವರ್ ಕಲರ್ಸ್ ಟು ದ ಮಾಸ್ಟ್’, ಬಾವುಟವನ್ನ ಹಡಗಿನ ಕಂಬಕ್ಕೆ ಮೊಳೆ ಹೊಡೆದು ಕೂರಿಸೋದು. ಮೊಳೆ ಹೊಡೆದ ಮೇಲೆ ಇಳಿಸೋಕಾಗಲ್ಲ, ಅಂದ್ರೆ ಶರಣಾಗೋ ದಾರಿಯೇ ಇಲ್ಲ. 1797ರ ಅಕ್ಟೋಬರ್ 11ರಂದು ಹಾಲೆಂಡ್ ತೀರದ ಹತ್ರ ಕ್ಯಾಂಪರ್‌ಡೌನ್ ಅನ್ನೋ ಕಡೆ ಬ್ರಿಟಿಷರಿಗೂ ಡಚ್ಚರಿಗೂ ನೌಕಾಯುದ್ಧ ಆಯ್ತು. ಅಡ್ಮಿರಲ್ ಡಂಕನ್ ಇದ್ದ ‘ವೆನರಬಲ್’ ಹಡಗಿನ ಕಂಬದ ತುದಿ ಗುಂಡು ಬಿದ್ದು ಮುರಿದು ಬಾವುಟ ಕೆಳಗೆ ಬಂತು. ಬಾವುಟ ಕಾಣದೇ ಹೋದ್ರೆ ನಾಯಕ ಶರಣಾದ ಅಂತ ಉಳಿದ ಹಡಗಿನೋರು ತಿಳ್ಕೊಳ್ತಾರೆ. ಆಗ ಸಂಡರ್‌ಲ್ಯಾಂಡ್ ಊರಿನ ಜ್ಯಾಕ್ ಕ್ರಾಫರ್ಡ್ ಅನ್ನೋ ನಾವಿಕ ಗುಂಡಿನ ಮಳೆಯಲ್ಲೇ ಕಂಬ ಹತ್ತಿ ಬಾವುಟಕ್ಕೆ ಮೊಳೆ ಹೊಡೆದ. ಆ ದಿನ ಬ್ರಿಟಿಷರು ಗೆದ್ರು. ಸಂಡರ್‌ಲ್ಯಾಂಡ್‌ನ ಮೌಬ್ರೇ ಪಾರ್ಕ್‌ನಲ್ಲಿ 1890ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಇದೆ, ಅದರಲ್ಲೂ ಅವನು ಮೊಳೆ ಹೊಡೀತಾನೇ ಇದಾನೆ. ಈಗ ಈ ಮಾತನ್ನ ತನ್ನ ನಿಲುವನ್ನ ಬಹಿರಂಗವಾಗಿ ಹೇಳಿ ಅದಕ್ಕೆ ಅಂಟ್ಕೊಂಡು ನಿಂತೋರ ಬಗ್ಗೆ ಹೇಳ್ತಾರೆ.

ಹಾಗಾಗಿ ಸಾಧನೆಯ ದಾರಿಯಲ್ಲಿ ಶುರುವಿಗೆ ಮೊಳೆ, ಕೊನೆಗೆ ಹಾರಾಟ, ಹೀಗೆ ನೆನಪಿಟ್ಕೊಂಡ್ರೆ ಎರಡೂ ಮರೆಯಲ್ಲ.

ಹಂತ 7: ಹತ್ತು ದಿನದ ಅಭ್ಯಾಸ

1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ ವಿಷಯ ಇದು, ಹೊಸದಾಗಿ ಕಲಿತದ್ದು ಮೊದಲ ದಿನದಲ್ಲೇ ಜಾಸ್ತಿ ಜಾರಿಹೋಗುತ್ತೆ, ಆಮೇಲೆ ಜಾರೋದು ನಿಧಾನ ಆಗುತ್ತೆ. ಅದಕ್ಕೇ ಒಂದೇ ದಿನ ಐವತ್ತು ಸಲ ಬರೆಯೋದಕ್ಕಿಂತ ಬಿಟ್ಟು ಬಿಟ್ಟು ಬರೆಯೋದು ಮೇಲು.

ಇವತ್ತು ನಿಮ್ಮ ಜೀವನದ್ದೇ ಮೂರು ವಾಕ್ಯ ಬರೀರಿ, ನಿಜವಾಗಿ ನಡೆದದ್ದೇ ಇರ್ಲಿ, ನಿಮಗೆ ಗೊತ್ತಿರೋ ಯಾರೋ ನಿಜವಾಗ್ಲೂ ಗೆದ್ದ ಪರೀಕ್ಷೆ. ನಾಳೆ ಆ ಹಾಳೆ ನೋಡದೇ ಮತ್ತೆ ಮೂರನ್ನೂ ಹೇಳಿ. ನಾಲ್ಕನೇ ದಿನ ಹೊಸ ಎರಡು, ಒಂದು ‘ಪಾಸ್’ ಜೊತೆ, ಒಂದು ‘ಕಮ್ ಥ್ರೂ’ ಜೊತೆ. ಹತ್ತನೇ ದಿನದೊಳಗೆ ಒಬ್ಬ ನಿಜವಾದ ಮನುಷ್ಯನಿಗೆ ಒಂದು ನಿಜವಾದ ಮೆಸೇಜ್‌ನಲ್ಲಿ ಕಳಿಸ್ಬೇಕು, ಇದನ್ನ ಮಾತ್ರ ಬಿಡ್ಬೇಡಿ. ನೋಟ್‌ಬುಕ್‌ನಲ್ಲಿ ಇರೋವರೆಗೆ ಅದು ಇನ್ನೂ ಸುತ್ತಿಟ್ಟ ಬಾವುಟವೇ.

ಕೈ ಪಳಗಿದ್ಯಾ ಅಂತ ನೋಡೋಕೆ ಈ ನಾಲ್ಕನ್ನ ತಿದ್ದಿ:

‘ಹೀ ಪಾಸ್ಡ್ ಇನ್ ಫ್ಲೈಯಿಂಗ್ ಕಲರ್ಸ್.’
‘ಶೀ ಕೇಮ್ ಥ್ರೂ ದ ಇಂಟರ್‌ವ್ಯೂ ವಿತ್ ಎ ಫ್ಲೈಯಿಂಗ್ ಕಲರ್.’
‘ಮೈ ಬ್ರದರ್ ಬಾಟ್ ಎ ಕಾರ್ ವಿತ್ ಫ್ಲೈಯಿಂಗ್ ಕಲರ್ಸ್.’
‘ಐ ಗಾಟ್ 36 ಔಟ್ ಆಫ್ 100, ದ ಪಾಸ್ ಮಾರ್ಕ್ ವಾಸ್ 35, ಸೋ ಐ ಪಾಸ್ಡ್ ವಿತ್ ಫ್ಲೈಯಿಂಗ್ ಕಲರ್ಸ್.’

ಮೊದಲನೆಯದ್ರಲ್ಲಿ ‘ಇನ್’ ಹೋಗಿ ‘ವಿತ್’ ಬರ್ಬೇಕು. ಎರಡನೆಯದ್ರಲ್ಲಿ ‘ಎ’ ತೆಗೆದು ಬಹುವಚನ ಮಾಡಿ. ಮೂರನೆಯದ್ರಲ್ಲಿ ಪರೀಕ್ಷೆನೇ ಇಲ್ಲ, ಈಡಿಯಮ್ಮನ್ನೇ ತೆಗೀರಿ, ‘ಮೈ ಬ್ರದರ್ ಬಾಟ್ ಎ ಕಾರ್’ ಸಾಕು, ತಮ್ಮ ಡ್ರೈವಿಂಗ್ ಟೆಸ್ಟ್ ಗೆದ್ದಾಗ ಬಾವುಟ ಹಾರಿಸೋಣ. ನಾಲ್ಕನೆಯದು ‘ಸ್ಕ್ರೇಪ್ಡ್ ಥ್ರೂ’, ಏಣಿಯ ಎರಡನೇ ಮೆಟ್ಟಿಲು.

ತಂಗಿ ಈಗ ಆ ನೋಟ್‌ಬುಕ್‌ನಲ್ಲಿ ಒಂದು ಈಡಿಯಮ್ಮಿಗೆ ಒಂದು ಪೂರ್ತಿ ಪುಟ ಬಿಡ್ತಾಳೆ. ‘ಫ್ಲೈಯಿಂಗ್ ಕಲರ್ಸ್’ ಪುಟದಲ್ಲಿ ಮೇಲೆ ಸಣ್ಣ ಹಡಗು, ಕೆಳಗೆ ಏಣಿ, ಅಂಚಲ್ಲಿ ಕೆಂಪು ಪೆನ್ನಲ್ಲಿ ‘ಎ ಬರಲ್ಲ, ಇನ್ ಬರಲ್ಲ’ ಅಂತ ಬರ್ಕೊಂಡಿದಾಳೆ. ಹೋದ ವಾರ ಅವಳ ಗೆಳತಿಗೆ ಕೆಲಸ ಸಿಕ್ಕಿದಾಗ ಕಳಿಸಿದ ಮೆಸೇಜನ್ನ ನನಗೂ ತೋರಿಸಿದ್ಲು: ‘ಫೋರ್ ರೌಂಡ್ಸ್ ಆಫ್ ಇಂಟರ್‌ವ್ಯೂಸ್, ಅಂಡ್ ಯೂ ಕೇಮ್ ಥ್ರೂ ದೆಮ್ ಆಲ್ ವಿತ್ ಫ್ಲೈಯಿಂಗ್ ಕಲರ್ಸ್!’